ಮಾತ್ರೆ ಬಂತು, ದಾದಿ ಬರಲಿಲ್ಲ



ನಮ್ಮ ಮಕ್ಕಳ ಆರೋಗ್ಯಕ್ಕಾಗಿ ಸರಕಾರ ಏನೂ ಮಾಡಿಲ್ಲ ಎಂದು ಲೈನುಮನೆಗಳ ಮುಂದೆ ಕೂತು ಹೇಳುವುದು ಸುಲಭ. ಆದರೆ ಅದು ಪೂರ್ತಿ ನಿಜವಲ್ಲ. ಶಾಲೆಯಲ್ಲಿ ಮಧ್ಯಾಹ್ನದ ಊಟ ಇದೆ. ವಾರಕ್ಕೊಂದು ಕಬ್ಬಿಣದ ಸತ್ವದ ಮಾತ್ರೆ ಇದೆ. ವರ್ಷಕ್ಕೆ ಎರಡು ಸಲ ಹುಳದ ಮಾತ್ರೆ ಇದೆ. ಐದಾರು ವರ್ಷಕ್ಕೊಂದು ಚುಚ್ಚುಮದ್ದು, ಹತ್ತು ವರ್ಷಕ್ಕೊಂದು, ಹದಿನಾರಕ್ಕೊಂದು ಎಂದು ಲೆಕ್ಕ ಇದೆ. ಜೀಪಿನಲ್ಲಿ ಬಂದು ಮಕ್ಕಳ ಕಣ್ಣು, ಕಿವಿ, ಹಲ್ಲು ನೋಡಿ ಹೋಗುವ ವೈದ್ಯರ ತಂಡವೂ ಇದೆ. ಯೋಜನೆಗಳ ಹೆಸರು ಬರೆಯುತ್ತ ಹೋದರೆ ಈ ಪುಟ ಸಾಲದು.

ಹಾಗಾದರೆ ಕೊರತೆ ಏನು? ಇಷ್ಟೆಲ್ಲ ಇದ್ದೂ ಒಂದು ಪ್ರಾಥಮಿಕ ಶಾಲೆಯಲ್ಲಿ ಬೆಳಿಗ್ಗೆ ಹನ್ನೊಂದು ಗಂಟೆಗೆ ಒಂದು ಮಗು ತಲೆಸುತ್ತಿ ಬಿದ್ದರೆ, ಅದರ ಹತ್ತಿರ ಬಂದು ಕೂರಬೇಕಾದವರು ಯಾರು ಎಂಬ ಪ್ರಶ್ನೆಗೆ ಉತ್ತರ ಇಲ್ಲ. ಔಷಧಿ ಇದೆ, ಅದನ್ನು ಕೊಡುವ ತರಬೇತಿ ಪಡೆದ ಕೈ ಇಲ್ಲ. ಆದೇಶ ಇದೆ, ಅದನ್ನು ನೆನಪಿಟ್ಟು ನಡೆಸುವ ಒಬ್ಬರು ಇಲ್ಲ. ನಮ್ಮ ಶಾಲೆಗಳಿಗೆ ಬೇಕಾಗಿರುವುದು ಇನ್ನೊಂದು ಯೋಜನೆಯಲ್ಲ, ಒಬ್ಬ ದಾದಿ. ಪ್ರತಿದಿನ ಬರಲಾಗದಿದ್ದರೆ ವಾರಕ್ಕೊಂದು ಗೊತ್ತಾದ ದಿನ ತಪ್ಪದೆ ಬರುವ, ಮಕ್ಕಳ ಹೆಸರು ಹಿಡಿದು ಕರೆಯುವ ಒಬ್ಬ ದಾದಿ. ಈ ಒಂದು ಮಾತನ್ನು ಹೇಳುವುದಕ್ಕಾಗಿಯೇ ಈ ಲೇಖನ.

ಎರಡು ಸಾವುಗಳು

ಇದು ದೊಡ್ಡ ಊರಿನವರ ಆಸೆ, ನಮಗೇಕೆ ಎನ್ನುವವರು ನಮ್ಮ ಬೆಟ್ಟಗಳಲ್ಲೇ ನಡೆದ ಎರಡು ಸಂಗತಿಗಳನ್ನು ನೆನೆಯಬೇಕು.

ಮೊದಲನೆಯದು ನೀಲಗಿರಿಯದು. 2023ರ ಮಾರ್ಚ್ ತಿಂಗಳಲ್ಲಿ ಊಟಿಯ ಒಂದು ಶಾಲೆಯಲ್ಲಿ ಕೆಲವು ಮಕ್ಕಳು ಯಾರು ಹೆಚ್ಚು ನುಂಗುತ್ತಾರೆ ಎಂದು ಪಂಥ ಕಟ್ಟಿಕೊಂಡು ಕಬ್ಬಿಣದ ಮಾತ್ರೆಗಳನ್ನು ಹತ್ತಾರು ನುಂಗಿದರು. ಹಲವರು ಆಸ್ಪತ್ರೆ ಸೇರಿದರು. ಹದಿಮೂರು ವರ್ಷದ ಒಬ್ಬ ಹುಡುಗಿ ತೀರಿಕೊಂಡಳು. ರಕ್ತ ಹೆಚ್ಚಲಿ ಎಂದು ಕೊಟ್ಟ ಮಾತ್ರೆಯೇ ಮಗುವಿನ ಪ್ರಾಣ ತೆಗೆಯಿತು. ವಾರಕ್ಕೊಂದರಂತೆ, ಊಟವಾದ ಮೇಲೆ ತಿಂದರೆ ಅದು ಔಷಧಿ. ರಾಶಿ ರಾಶಿ ನುಂಗಿದರೆ ಅದು ವಿಷ. ಮೊದಲು ವಾಂತಿ, ಹೊಟ್ಟೆನೋವು ಬಂದು ನಿಲ್ಲುತ್ತದೆ. ಮಗು ಸುಧಾರಿಸಿದಂತೆ ಕಾಣುತ್ತದೆ. ಆಮೇಲೆ ಒಳಗಿನಿಂದ ಯಕೃತ್ತು ಕೆಡುತ್ತದೆ. ಇದು ದಾದಿಯ ಓದು ಓದಿದವರಿಗೆ ಗೊತ್ತು. ಕನ್ನಡ, ತಮಿಳು, ಲೆಕ್ಕ ಕಲಿಸುವ ಮೇಷ್ಟ್ರಿಗೆ ಗೊತ್ತಿರಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ.

ಎರಡನೆಯದು ವಯನಾಡಿನದು. 2019ರ ನವೆಂಬರ್ 20ರಂದು ಸುಲ್ತಾನ್ ಬತ್ತೇರಿಯ ಒಂದು ಸರಕಾರಿ ಶಾಲೆಯಲ್ಲಿ, ತರಗತಿಯೊಳಗೇ ಇದ್ದ ಬಿಲದಿಂದ ಹಾವು ಐದನೇ ತರಗತಿಯ ಒಬ್ಬ ಹುಡುಗಿಯ ಕಾಲಿಗೆ ಕಚ್ಚಿತು. ಹಾವು ಕಚ್ಚಿದೆ ಎಂದು ಹೇಳಿದರೂ ಕೂಡಲೇ ಆಸ್ಪತ್ರೆಗೆ ಒಯ್ಯದೆ ತಂದೆ ಬರುವ ತನಕ ಕಾದರು ಎಂದು ಅವಳ ಜೊತೆಯ ಮಕ್ಕಳೇ ಹೇಳಿದ್ದು ಆಗ ಪತ್ರಿಕೆಗಳಲ್ಲೆಲ್ಲ ಬಂತು. ಆಮೇಲೆ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದದ್ದಾಯಿತು. ಅಷ್ಟರಲ್ಲಿ ಆ ಮಗು ತೀರಿಹೋಯಿತು.

ಎರಡೂ ಕಡೆ ಶಿಕ್ಷಕರ ಮೇಲೆ ಕ್ರಮ ಆಯಿತು. ಜನರಿಗೆ ಸಿಟ್ಟು ಬಂದದ್ದು ಸಹಜ. ಆದರೆ ಒಬ್ಬ ಶಿಕ್ಷಕನನ್ನು ಅಮಾನತು ಮಾಡಿದ ಮಾತ್ರಕ್ಕೆ ಮುಂದಿನ ಮಗು ಉಳಿಯುವುದಿಲ್ಲ. ಮಾತ್ರೆಯ ಪೆಟ್ಟಿಗೆಗೆ ಬೀಗ ಯಾರ ಕೈಯಲ್ಲಿ? ಅದನ್ನು ಎಣಿಸಿ ಬರೆದಿಡುವವರು ಯಾರು? ಹಾವು ಕಚ್ಚಿತೆಂದು ಮಗು ಹೇಳಿದರೆ ಮೊದಲ ಐದು ನಿಮಿಷದಲ್ಲಿ ಏನು ಮಾಡಬೇಕು? ವಾಹನ ಯಾರದು? ವಿಷಕ್ಕೆ ಮದ್ದು ಇರುವ ಆಸ್ಪತ್ರೆ ಯಾವುದು? ಇವೆಲ್ಲ ಮೊದಲೇ ಬರೆದು ಗೋಡೆಗೆ ಹಚ್ಚಿರಬೇಕಾದ ಸಂಗತಿಗಳು. ಶಾಲೆಯ ಆರೋಗ್ಯ ನೀತಿ ಎಂಬ ದೊಡ್ಡ ಮಾತಿನ ಅರ್ಥ ಇಷ್ಟೇ. ಆಪತ್ತು ಬಂದಾಗ ಯೋಚಿಸಲು ಕೂರಬಾರದು, ಯೋಚನೆ ಮೊದಲೇ ಮುಗಿದಿರಬೇಕು.

ಹೊರಗೆ ಹಾಕುವುದು, ಒಳಗೆ ಕರೆದುಕೊಳ್ಳುವುದು

ಶಾಲೆಗೆ ದಾದಿ ಬೇಕೆಂಬುದು ಹೊಸ ಮಾತಲ್ಲ. ಇದು ಮೊದಲು ಹುಟ್ಟಿದ್ದೂ ಶ್ರೀಮಂತರ ಶಾಲೆಗಳಲ್ಲಲ್ಲ, ಕೂಲಿಕಾರರ ಕೇರಿಗಳಲ್ಲಿ. ನೂರಿಪ್ಪತ್ತು ವರ್ಷಗಳ ಹಿಂದಿನ ನ್ಯೂಯಾರ್ಕ್ ನಗರದ ಕಥೆಯನ್ನು ನಾವು ತಿಳಿಯುವುದು ಒಳ್ಳೆಯದು, ಏಕೆಂದರೆ ಅದು ನಮ್ಮ ಕಥೆಯಂತೆಯೇ ಇದೆ.

ಹೊರದೇಶಗಳಿಂದ ಕೂಲಿಗಾಗಿ ಬಂದವರ ಮಕ್ಕಳು ಅಲ್ಲಿ ಇಕ್ಕಟ್ಟಾದ ಮನೆಗಳಲ್ಲಿ ಬೆಳೆಯುತ್ತಿದ್ದರು. 1897ರಿಂದ ನಗರಾಡಳಿತ ಶಾಲೆಗಳಿಗೆ ವೈದ್ಯರನ್ನು ಕಳುಹಿಸಿತು. ವೈದ್ಯರು ಬಂದರು, ನೋಡಿದರು. ಹೇನು, ಹುಳುಕಡ್ಡಿ, ಕಣ್ಣುಬೇನೆ ಇದ್ದ ಮಕ್ಕಳನ್ನು ಮನೆಗೆ ಕಳುಹಿಸಿದರು. ಕೈಯಲ್ಲೊಂದು ಚೀಟಿ. ತಾಯಿಗೆ ಆ ಚೀಟಿಯ ಭಾಷೆ ಬಾರದು, ಬಂದರೂ ಔಷಧಿಗೆ ಕಾಸಿಲ್ಲ. ಮಗು ಬೀದಿಯಲ್ಲೇ ಉಳಿಯಿತು. ಆಗ ಲಿಲಿಯನ್ ವಾಲ್ಡ್ ಎಂಬ ದಾದಿ ತನ್ನ ಸಂಸ್ಥೆಯಿಂದ ಲೀನಾ ರೋಜರ್ಸ್ ಎಂಬ ದಾದಿಯನ್ನು 1902ರ ಅಕ್ಟೋಬರಿನಲ್ಲಿ ಒಂದು ತಿಂಗಳ ಪರೀಕ್ಷೆಗೆಂದು ನಾಲ್ಕು ಶಾಲೆಗಳಿಗೆ ಕೊಟ್ಟಳು. ಆ ನಾಲ್ಕು ಶಾಲೆಗಳಲ್ಲಿ ಸುಮಾರು 10,000 ಮಕ್ಕಳು. ಲೀನಾ ರೋಜರ್ಸ್ ಗಾಯ ತೊಳೆದಳು, ಮದ್ದು ಹಚ್ಚಿದಳು, ಮಗುವನ್ನು ಮತ್ತೆ ತರಗತಿಗೆ ಕಳುಹಿಸಿದಳು. ಸಂಜೆ ಮನೆಗಳಿಗೆ ಹೋಗಿ ತಾಯಂದಿರಿಗೆ ತೋರಿಸಿಕೊಟ್ಟಳು. ಫಲ ನೋಡಿ ನಗರಾಡಳಿತ ಇನ್ನಷ್ಟು ದಾದಿಯರನ್ನು ನೇಮಿಸಿತು. 1902ರ ಸೆಪ್ಟೆಂಬರಿನಲ್ಲಿ ಕಾಯಿಲೆಯ ಕಾರಣಕ್ಕೆ ಶಾಲೆಯಿಂದ ಹೊರಗೆ ಹಾಕಲ್ಪಟ್ಟ ಮಕ್ಕಳು 10,567. ಒಂದು ವರ್ಷದ ನಂತರ, 1903ರ ಸೆಪ್ಟೆಂಬರಿನಲ್ಲಿ, 1,101.

ಈ ಎರಡು ಅಂಕಿಗಳ ನಡುವೆ ಹೊಸ ಔಷಧಿ ಯಾವುದೂ ಕಂಡುಹಿಡಿಯಲ್ಪಡಲಿಲ್ಲ. ಬದಲಾದದ್ದು ಒಂದೇ. ಕಾಯಿಲೆಯನ್ನು ಗುರುತಿಸಿ ಹೋಗುವವರ ಜೊತೆಗೆ, ಕಾಯಿಲೆಯ ಮಗುವಿನ ಸಂಗಡ ನಿಲ್ಲುವವರೊಬ್ಬರು ಬಂದರು.

ನಮ್ಮ ದೇಶದಲ್ಲಿ ಶಾಲಾ ಮಕ್ಕಳ ವೈದ್ಯಕೀಯ ತಪಾಸಣೆ ಮೊದಲು ನಡೆದದ್ದು ಬರೋಡಾ ನಗರದಲ್ಲಿ, 1909ರಲ್ಲಿ. 1946ರಲ್ಲಿ ಭೋರ್ ಸಮಿತಿ ನೋಡಿದಾಗ ಶಾಲಾ ಆರೋಗ್ಯ ಸೇವೆ ಎಂಬುದು ದೇಶದಲ್ಲಿ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ ಇತ್ತು. 1960ರಲ್ಲಿ ಇದಕ್ಕೆಂದೇ ಇನ್ನೊಂದು ಸಮಿತಿ ಆಯಿತು, 1961ರಲ್ಲಿ ವರದಿ ಕೊಟ್ಟಿತು. ಸಮಿತಿ, ವರದಿಗಳಿಗೆ ನಮ್ಮಲ್ಲಿ ಎಂದೂ ಕೊರತೆ ಇರಲಿಲ್ಲ.

2013ರ ಫೆಬ್ರವರಿಯಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ನಿಜಕ್ಕೂ ಒಳ್ಳೆಯ ಹೆಜ್ಜೆ. ಹುಟ್ಟಿನಿಂದ ಹದಿನೆಂಟು ವರ್ಷದ ತನಕದ ಮಕ್ಕಳ ಹುಟ್ಟುದೋಷ, ಪೌಷ್ಟಿಕ ಕೊರತೆ, ಕಾಯಿಲೆ, ಬೆಳವಣಿಗೆಯ ಕುಂಠಿತ ಇವುಗಳನ್ನು ಹುಡುಕುವುದು ಅದರ ಕೆಲಸ. ಇಬ್ಬರು ವೈದ್ಯರು, ಒಬ್ಬ ದಾದಿ, ಒಬ್ಬ ಔಷಧಿ ವಿತರಕ ಸೇರಿದ ತಂಡ. ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ವರ್ಷಕ್ಕೆ ಒಂದು ಸಲ. ಈ ತಂಡದಿಂದಾಗಿ ಹೃದಯದ ತೂತು, ಸೀಳುತುಟಿ, ಕಿವುಡು ಪತ್ತೆಯಾಗಿ ಚಿಕಿತ್ಸೆ ಪಡೆದ ಮಕ್ಕಳು ಇದ್ದಾರೆ. ಅದನ್ನು ಮರೆಯಬಾರದು.

ಆದರೆ ವರ್ಷಕ್ಕೊಂದು ಸಲ ಎಂದರೆ ವರ್ಷಕ್ಕೊಂದು ಸಲವೇ. ಆ ದಿನ ಮಗು ಶಾಲೆಗೆ ಬಾರದಿದ್ದರೆ? ಮಳೆಗೆ ದಾರಿ ಕುಸಿದು ಜೀಪು ಮೇಲೆ ಏರದಿದ್ದರೆ? ಬಂದು ನೋಡಿ, ಜಿಲ್ಲಾ ಆಸ್ಪತ್ರೆಗೆ ಹೋಗಿ ಎಂದು ಚೀಟಿ ಬರೆದುಕೊಟ್ಟರೆ ಮುಂದೆ ಏನು? ಚಹಾ ಕೀಳುವ ತಾಯಿಗೆ ಆ ಚೀಟಿ ಒಂದು ದಿನದ ಹಾಜರಿಯ ನಷ್ಟ. ಎರಡನೆಯ ಸಲ ಬನ್ನಿ ಎಂದರೆ ಎರಡು ದಿನದ ನಷ್ಟ, ಜೊತೆಗೆ ಬಸ್ಸಿನ ಖರ್ಚು. ಕೆಲಸಗಾರಳ ಸ್ವಂತ ಕಾಯಿಲೆಗೆ ರಜೆಯ ಭತ್ಯೆ ಕೇಳಬಹುದು, ಮಗುವನ್ನು ಆಸ್ಪತ್ರೆಗೆ ಒಯ್ದದ್ದಕ್ಕೆ ಸಾಮಾನ್ಯವಾಗಿ ಯಾರೂ ಹಾಜರಿ ಹಾಕುವುದಿಲ್ಲ. ಹೀಗಾಗಿ ಚೀಟಿ ಗೋಡೆಯ ಬಿರುಕಿನಲ್ಲಿ ಮಡಚಿ ಉಳಿಯುತ್ತದೆ. ಮುಂದಿನ ವರ್ಷ ಬಂದ ತಂಡ ಅದೇ ಮಗುವಿಗೆ ಅದೇ ಚೀಟಿಯನ್ನು ಮತ್ತೆ ಬರೆಯುತ್ತದೆ. ಇದು ನ್ಯೂಯಾರ್ಕಿನ 1902ರ ಹಿಂದಿನ ಸ್ಥಿತಿಯಲ್ಲದೆ ಬೇರೇನು?

2020ರಲ್ಲಿ ಇನ್ನೊಂದು ಕಾರ್ಯಕ್ರಮ ಬಂತು. ಪ್ರತಿ ಶಾಲೆಯಲ್ಲಿ ಇಬ್ಬರು ಶಿಕ್ಷಕರನ್ನು ಆರೋಗ್ಯ ರಾಯಭಾರಿಗಳೆಂದು ಆರಿಸಿ, ವಾರಕ್ಕೊಂದು ತಾಸು ಆರೋಗ್ಯ ಪಾಠ ಮಾಡಿಸುವುದು ಅದರ ಉದ್ದೇಶ. ಇದೂ ಒಳ್ಳೆಯದೇ. ಆದರೆ ಅದನ್ನು ಮೊದಲು ಯೋಜಿಸಿದ್ದು ಆರನೇ ತರಗತಿಯಿಂದ ಮೇಲಿನ ಮಕ್ಕಳಿಗಾಗಿ. ಇಡೀ ಶಾಲೆಗೇ ಇಬ್ಬರು ಶಿಕ್ಷಕರಿರುವ ನಮ್ಮ ತೋಟದ ಸಣ್ಣ ಶಾಲೆಗಳಲ್ಲಿ ರಾಯಭಾರಿಯೂ ಅವರೇ, ಊಟದ ಲೆಕ್ಕದವರೂ ಅವರೇ, ಚುನಾವಣೆಯ ಕೆಲಸದವರೂ ಅವರೇ. ಇನ್ನು ಕಾಯಿಲೆ ನೋಡುವುದು ಯಾವಾಗ?

ವಾರಕ್ಕೊಮ್ಮೆ ಬರುವ ಕಣ್ಣು ಏನನ್ನು ಕಾಣುತ್ತದೆ

ದಾದಿ ವಾರಕ್ಕೊಮ್ಮೆ ಬಂದು ಮಾಡುವುದಾದರೂ ಏನು ಎಂದು ಕೆಲವರು ಕೇಳಬಹುದು. ನಮ್ಮ ಮಕ್ಕಳ ಕಾಯಿಲೆಗಳನ್ನೇ ನೋಡೋಣ.

ಬರಿಗಾಲಿನಲ್ಲಿ ಒದ್ದೆ ಮಣ್ಣಿನ ಮೇಲೆ ನಡೆಯುವ ಮಗುವಿನ ಪಾದದ ಚರ್ಮವನ್ನು ಕೊರೆದು ಕೊಕ್ಕೆಹುಳ ಒಳಗೆ ಹೋಗುತ್ತದೆ. ಕರುಳಿನ ಗೋಡೆ ಹಿಡಿದು ರಕ್ತ ಹೀರುತ್ತದೆ. ಮಗು ಬಿಳಿಚಿಕೊಳ್ಳುತ್ತದೆ, ಮಂಕಾಗುತ್ತದೆ, ಪಾಠದಲ್ಲಿ ತೂಕಡಿಸುತ್ತದೆ. ಮೇಷ್ಟ್ರು ದಡ್ಡ ಎನ್ನುತ್ತಾರೆ, ಅಪ್ಪ ಸೋಮಾರಿ ಎನ್ನುತ್ತಾನೆ. 2015ರಿಂದ ಫೆಬ್ರವರಿ 10ನ್ನೂ, ಆಮೇಲೆ ಆಗಸ್ಟ್ 10ನ್ನೂ ಹುಳ ನಿವಾರಣೆಯ ದಿನವೆಂದು ಗೊತ್ತುಮಾಡಿ ಆಲ್ಬೆಂಡಜೋಲ್ ಮಾತ್ರೆ ಕೊಡುತ್ತ ಬಂದಿದ್ದಾರೆ. ಮಾತ್ರೆ ಹುಳವನ್ನು ಕೊಲ್ಲುತ್ತದೆ. ಲೈನಿನ ಕಕ್ಕಸು ಒಡೆದು ಮಲ ಮಣ್ಣಿಗೆ ಸೇರುತ್ತಿದ್ದರೆ ಹುಳ ಮತ್ತೆ ಬರುತ್ತದೆ. ಒಂದೇ ಲೈನಿನ ಮಕ್ಕಳೆಲ್ಲ ಬಿಳಿಚಿಕೊಂಡಿದ್ದಾರೆಂದು ದಾದಿಯ ಪುಸ್ತಕ ಹೇಳಿದರೆ, ಕಕ್ಕಸು ದುರಸ್ತಿ ಮಾಡಿ ಎಂದು ಮೇನೇಜರ ಮುಂದೆ ನಿಂತು ಕೇಳಲು ನಮಗೆ ಆಧಾರ ಸಿಗುತ್ತದೆ.

ಹತ್ತು ವರ್ಷದೊಳಗಿನ ಶಾಲಾ ಮಕ್ಕಳಿಗೆ ಗುಲಾಬಿ ಬಣ್ಣದ್ದು, ದೊಡ್ಡವರಿಗೆ ನೀಲಿ ಬಣ್ಣದ್ದು ಎಂದು ಕಬ್ಬಿಣದ ಮಾತ್ರೆ ಬರುತ್ತದೆ. ತಿಂದ ಮೇಲೆ ಮಲ ಕಪ್ಪಾದರೆ ತಾಯಿ ಹೆದರಿ ಮಾತ್ರೆ ಬಿಡಿಸುತ್ತಾಳೆ. ಅದು ಕೆಡುಕಲ್ಲ, ಮಾತ್ರೆಯ ಗುಣ ಎಂದು ಹೇಳುವವರು ಬೇಕು. ಖಾಲಿ ಹೊಟ್ಟೆಯಲ್ಲಿ ಕೊಡಬೇಡಿ, ಮನೆಗೆ ಪೊಟ್ಟಣ ಕಟ್ಟಿಕೊಡಬೇಡಿ, ಎದುರಿಗೇ ಒಂದು ನುಂಗಿಸಿ ಎಂದು ಹೇಳುವವರೂ ಬೇಕು.

ಇನ್ನು ಕುಡುಗೋಲುಕಣ ರೋಗ. ನಮ್ಮ ದೇಶದಲ್ಲಿ ಈ ರಕ್ತದೋಷವನ್ನು ಮೊದಲು ಗುರುತಿಸಿ ಬರೆದದ್ದು ಬೇರೆಲ್ಲೂ ಅಲ್ಲ, ಇದೇ ನೀಲಗಿರಿಯ ಆದಿವಾಸಿ ಜನರಲ್ಲಿ, 1952ರಲ್ಲಿ. ವಯನಾಡಿನ ಆದಿವಾಸಿ ಹಾಡಿಗಳಲ್ಲೂ ಇದೆ. ಈ ಮಕ್ಕಳು ನಮ್ಮ ಮಕ್ಕಳ ಪಕ್ಕದಲ್ಲೇ ಬೆಂಚಿನಲ್ಲಿ ಕೂರುವವರು. ಚಳಿಗೆ, ಆಯಾಸಕ್ಕೆ, ನೀರು ಕುಡಿಯದೆ ಇದ್ದರೆ ಕೀಲುಗಳಲ್ಲಿ ತಡೆಯಲಾಗದ ನೋವು ಬರುತ್ತದೆ. ಆಟದ ಮೈದಾನಕ್ಕೆ ಇಳಿಯದ ಮಗುವನ್ನು ಬೆತ್ತ ಹಿಡಿದು ಓಡಿಸುವುದು ಅಜ್ಞಾನದಿಂದ ಆಗುವ ಕ್ರೌರ್ಯ. 2023ರ ಜುಲೈಯಲ್ಲಿ ಈ ರೋಗದ ನಿರ್ಮೂಲನೆಗೆ ರಾಷ್ಟ್ರೀಯ ಅಭಿಯಾನವೊಂದು ಶುರುವಾಗಿ ರಕ್ತಪರೀಕ್ಷೆ ನಡೆಯುತ್ತಿದೆ. ಪರೀಕ್ಷೆಯ ಫಲ ಶಾಲೆಗೆ ಗೊತ್ತಿದ್ದು, ಆದರೆ ಗುಟ್ಟಾಗಿಯೂ ಇದ್ದು, ಆ ಮಗುವನ್ನು ಮರ್ಯಾದೆಯಿಂದ ನೋಡಿಕೊಳ್ಳುವುದಕ್ಕೆ ದಾದಿಯ ಶಿಸ್ತು ಬೇಕು.

ಕಣ್ಣಿನ ಮಾತು ಇನ್ನೂ ಸರಳ. ಆರು ಮೀಟರ್ ದೂರದಲ್ಲಿ ಅಕ್ಷರದ ಹಲಗೆ ಇಟ್ಟು ಓದಿಸಿದರೆ ಸಾಕು, ಯಾವ ಮಗುವಿಗೆ ಕಪ್ಪುಹಲಗೆ ಕಾಣುತ್ತಿಲ್ಲ ಎಂದು ಗೊತ್ತಾಗುತ್ತದೆ. ಒಂದು ಜೊತೆ ಕನ್ನಡಕದಿಂದ ದಡ್ಡನೆನಿಸಿದವನು ಜಾಣನಾದದ್ದು ಎಷ್ಟು ಕಡೆ ಇಲ್ಲ!

ತೂಕ ಬರೆದಿಟ್ಟ ಪುಸ್ತಕದ ಬೆಲೆ

ದಾದಿಯ ಕೆಲಸದಲ್ಲಿ ಅತಿ ಚಿಕ್ಕದಾಗಿ ಕಾಣುವುದು ಬರವಣಿಗೆ. ಎತ್ತರ, ತೂಕ, ಜ್ವರ, ಗೈರುಹಾಜರಿ. ಇದರ ಬೆಲೆ ಏನೆಂದು ತಿಳಿಯಬೇಕಾದರೆ ಕಾಸರಗೋಡಿನ ನಮ್ಮ ಕನ್ನಡ ಬಂಧುಗಳನ್ನು ಕೇಳಬೇಕು.

ಅಲ್ಲಿ ಸರಕಾರಿ ಗೇರುತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದ ತನಕ ಎಂಡೋಸಲ್ಫಾನ್ ವಿಷವನ್ನು ಹೆಲಿಕಾಪ್ಟರಿನಿಂದ ಸಿಂಪಡಿಸಿದರು. ಗುಡ್ಡದ ಮೇಲೆ ತೋಟ, ಕೆಳಗೆ ಮನೆ, ಸುರಂಗದ ನೀರು, ಶಾಲೆ. ಎಣ್ಮಕಜೆ ಪಂಚಾಯತಿನ ಪಡ್ರೆಯಲ್ಲಿ ಒಂದರ ಹಿಂದೊಂದು ಮನೆಯಲ್ಲಿ ಅಂಗವಿಕಲ ಮಕ್ಕಳು, ಬುದ್ಧಿ ಬೆಳೆಯದ ಮಕ್ಕಳು, ಅಪಸ್ಮಾರದ ಮಕ್ಕಳು. ಇದು ದೈವದ ಶಾಪ ಎಂದು ಜನ ನಂಬಿದ್ದರು. ಶಾಪವಲ್ಲ, ಬೇರೆ ಏನೋ ಇದೆ ಎಂದು ಮೊದಲು ಶಂಕಿಸಿದ್ದು ಅಲ್ಲಿಯ ಹಳ್ಳಿವೈದ್ಯ ಡಾ. ವೈ. ಎಸ್. ಮೋಹನ್ ಕುಮಾರ್. ತಮ್ಮಲ್ಲಿಗೆ ಬರುವ ರೋಗಿಗಳನ್ನು ಅವರು ಮನೆಮನೆಯ ಲೆಕ್ಕದಲ್ಲಿ ನೆನಪಿಟ್ಟಿದ್ದರು, ಅದರಿಂದ ಕಂಡಿತು. ಪತ್ರಕರ್ತ ಶ್ರೀಪಡ್ರೆ ಅದನ್ನು ಹೊರಜಗತ್ತಿಗೆ ತಿಳಿಸಿದರು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಬಂದು ಪಡ್ರೆಯ 117 ಶಾಲಾ ಹುಡುಗರನ್ನೂ ವಿಷ ಬೀಳದ ಕಡೆಯ 90 ಹುಡುಗರನ್ನೂ ಹೋಲಿಸಿ ನೋಡಿದಾಗ, ವಿಷ ಬಿದ್ದ ಕಡೆಯ ಹುಡುಗರು ಪ್ರಾಯಕ್ಕೆ ಬರುವುದು ತಡವಾಗುತ್ತಿದೆ ಎಂದು ತಿಳಿಯಿತು. ಆ ವರದಿ 2003ರಲ್ಲಿ ಪ್ರಕಟವಾಯಿತು. ದೇಶಕ್ಕೆಲ್ಲ ಅನ್ವಯಿಸುವಂತೆ ಸುಪ್ರೀಂ ಕೋರ್ಟು ಆ ವಿಷವನ್ನು ತಡೆದದ್ದು 2011ರ ಮೇ ತಿಂಗಳಲ್ಲಿ.

ಇಪ್ಪತ್ತಕ್ಕೂ ಹೆಚ್ಚು ವರ್ಷ ವಿಷ ಬಿತ್ತು. ಅಷ್ಟೂ ವರ್ಷ ಮಕ್ಕಳು ಶಾಲೆಗೆ ಹೋದರು, ಹಾಜರಿ ಕರೆಯಲಾಯಿತು. ಆ ಹಾಜರಿ ಪುಸ್ತಕದ ಪಕ್ಕದಲ್ಲಿ ಆರೋಗ್ಯದ ಪುಸ್ತಕವೊಂದು ಇದ್ದು, ಅದನ್ನು ತಿಳಿದು ಓದುವ ದಾದಿ ಒಬ್ಬಳಿದ್ದಿದ್ದರೆ ಎಷ್ಟು ವರ್ಷ ಮೊದಲೇ ಕೂಗು ಏಳುತ್ತಿತ್ತೋ! ನಾವೂ ಮದ್ದು ಹೊಡೆಯುವ ತೋಟಗಳಲ್ಲೇ ಬಾಳುವವರು. ಮದ್ದು ಹೊಡೆದ ಬಟ್ಟೆಯಲ್ಲೇ ಮಗುವನ್ನು ಎತ್ತಿಕೊಳ್ಳುವವರು. ಈ ಪಾಠ ನಮಗಾಗಿಯೇ ಇದೆ.

ಯಾರ ಹೊಣೆ?

1951ರ ತೋಟ ಕಾರ್ಮಿಕರ ಕಾಯಿದೆ ಬಂದಾಗ ನಮ್ಮ ಹಿರಿಯರು ಪಟಾಕಿ ಹಚ್ಚಬೇಕಾಗಿತ್ತು. ಕಾರ್ಮಿಕರಿಗೂ ಅವರ ಕುಟುಂಬಕ್ಕೂ ವೈದ್ಯಕೀಯ ಸೌಲಭ್ಯ, ಶಿಶುವಿಹಾರ, ಆರರಿಂದ ಹನ್ನೆರಡು ವರ್ಷದ ಮಕ್ಕಳು ಇಪ್ಪತ್ತೈದಕ್ಕಿಂತ ಹೆಚ್ಚಿದ್ದರೆ ಶಿಕ್ಷಣದ ಏರ್ಪಾಡು, ಇವೆಲ್ಲ ತೋಟದ ಮಾಲೀಕರ ಹೊಣೆ ಎಂದು ಅದರಲ್ಲಿ ಬರೆದಿತ್ತು. ಆ ಕಾಯಿದೆ ಈಗ ಇಲ್ಲ. 2020ರಲ್ಲಿ ಸಂಸತ್ತು ಒಪ್ಪಿದ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂದು ಹಳೆಯ ಕಾಯಿದೆಯ ಜಾಗದಲ್ಲಿ ಕೂತಿದೆ. ತೋಟದ ಕುಟುಂಬಗಳ ವಸತಿ, ಆರೋಗ್ಯ, ಮಕ್ಕಳ ಶಿಕ್ಷಣದ ಮಾತು ಹೊಸ ಸಂಹಿತೆಯಲ್ಲೂ ಉಳಿದಿದೆ. ಆದರೆ ವಿವರಗಳು ರಾಜ್ಯದ ನಿಯಮಗಳ ಕೈಯಲ್ಲಿವೆ. ನಿಯಮ ಬರೆಯುವ ಮೇಜಿನ ಹತ್ತಿರ ನಮ್ಮ ಸಂಘಗಳು ಕೂಲಿಯ ಮಾತನ್ನು ಎತ್ತುತ್ತವೆ, ಎತ್ತಲೇಬೇಕು. ಅದರ ಜೊತೆಗೆ ಶಾಲೆಯ ದಾದಿಯ ಮಾತನ್ನೂ ಎತ್ತಬೇಕು.

ಇಲ್ಲಿ ಎರಡು ಇಲಾಖೆ, ಒಬ್ಬ ಮಾಲೀಕ ಇದ್ದಾರೆ. ಶಾಲೆ ಶಿಕ್ಷಣ ಇಲಾಖೆಯದು, ದಾದಿ ಆರೋಗ್ಯ ಇಲಾಖೆಯವಳು, ಡಿಸ್ಪೆನ್ಸರಿ ತೋಟದ್ದು. ಮೂವರೂ ಒಬ್ಬರನ್ನೊಬ್ಬರು ತೋರಿಸುತ್ತಾರೆ. ಮೂವರು ಮಾವಂದಿರ ಮನೆಗೆ ಹೋದ ಅಳಿಯ ಉಪವಾಸ ಮಲಗಿದಂತೆ ನಮ್ಮ ಮಕ್ಕಳ ಗತಿ.

ಪ್ರತಿ ಶಾಲೆಗೊಬ್ಬ ದಾದಿಯನ್ನು ಕೊಡಲು ಸರಕಾರದಲ್ಲಿ ಹಣ ಎಲ್ಲಿದೆ ಎಂದು ಅಧಿಕಾರಿಗಳು ಕೇಳುತ್ತಾರೆ. ಈ ಪ್ರಶ್ನೆಯಲ್ಲಿ ಹುರುಳಿದೆ. ಮೂವತ್ತು ಮಕ್ಕಳ ಶಾಲೆಗೆ ಪೂರ್ಣ ಕಾಲದ ದಾದಿ ಕೊಡಿ ಎಂದು ನಾವೂ ಕೇಳುತ್ತಿಲ್ಲ. ಐದಾರು ಶಾಲೆಗೆ ಒಬ್ಬಳು ಸಾಕು, ದಿನಕ್ಕೊಂದು ಶಾಲೆ. ಕೇರಳದಲ್ಲಿ ಶಾಲಾ ಆರೋಗ್ಯಕ್ಕೆಂದೇ ಜೂನಿಯರ್ ಪಬ್ಲಿಕ್ ಹೆಲ್ತ್ ನರ್ಸುಗಳನ್ನು ನೇಮಿಸಿದ ಅನುಭವ ಇದೆ. ಹಾಗಿದ್ದೂ ಬತ್ತೇರಿಯ ಸಾವು ಆ ರಾಜ್ಯದಲ್ಲೇ ಆಯಿತಲ್ಲ ಎನ್ನಬಹುದು. ಆಯಿತು. ಅದು ಕಲಿಸುವುದು ಇಷ್ಟು: ದಾದಿಯ ಹೆಸರು ಕಾಗದದಲ್ಲಿದ್ದರೆ ಸಾಲದು. ಅವಳು ಇಲ್ಲದ ದಿನ ಶಿಕ್ಷಕ ಏನು ಮಾಡಬೇಕೆಂಬುದನ್ನು ಅವಳೇ ಕಲಿಸಿ, ಬರೆದಿಟ್ಟು ಹೋಗಿರಬೇಕು.

ಇನ್ನು, ಬೆಟ್ಟದ ತೋಟಗಳಿಗೆ ಯಾವ ದಾದಿ ಬರುತ್ತಾಳೆ, ಬಂದರೂ ಎಷ್ಟು ದಿನ ನಿಲ್ಲುತ್ತಾಳೆ ಎಂಬ ಮಾತು. ಇದಕ್ಕೆ ಉತ್ತರ ಗೂಡಲೂರಿನಲ್ಲಿ ಇದೆ. ಅಲ್ಲಿಯ ಆದಿವಾಸಿ ಆಸ್ಪತ್ರೆ 1990ರಲ್ಲಿ ಆರಂಭವಾದಾಗಿನಿಂದ ಆದಿವಾಸಿ ಹುಡುಗಿಯರಿಗೇ ದಾದಿಯ ಕೆಲಸ ಕಲಿಸಿ, ಅವರ ಕೈಯಿಂದಲೇ ಆಸ್ಪತ್ರೆಯನ್ನೂ ಹಾಡಿಗಳ ಆರೋಗ್ಯವನ್ನೂ ನಡೆಸುತ್ತ ಬಂದಿದೆ. ಹೊರಗಿನವರು ನಿಲ್ಲುವುದಿಲ್ಲ ಎಂದು ಅಳುತ್ತ ಕೂರಲಿಲ್ಲ, ಒಳಗಿನವರನ್ನು ತಯಾರು ಮಾಡಿದರು. ದಕ್ಷಿಣ ಭಾರತದ ತೋಟಗಳಲ್ಲೂ 1970ರ ದಶಕದಲ್ಲಿ ಉಪಾಸಿ ಸಂಸ್ಥೆಯ ಕಾರ್ಮಿಕ ಕಲ್ಯಾಣ ಯೋಜನೆಯಲ್ಲಿ ಲೈನಿನ ಹೆಂಗಸರನ್ನೇ ಆರಿಸಿ, ತರಬೇತಿ ಕೊಟ್ಟು, ನೆರೆಯ ಮನೆಗಳ ತಾಯಿಮಕ್ಕಳ ಆರೋಗ್ಯ ನೋಡಿಕೊಳ್ಳುವ ಸಂಪರ್ಕ ಕಾರ್ಯಕರ್ತೆಯರನ್ನಾಗಿ ಮಾಡಿದ್ದರು. ಆ ದಾರಿ ನಮಗೆ ಗೊತ್ತಿದ್ದ ದಾರಿಯೇ. ನಮ್ಮ ಹೆಣ್ಣುಮಕ್ಕಳು ಹನ್ನೆರಡನೇ ತರಗತಿ ಮುಗಿಸಿ ತಿರುಪ್ಪೂರಿನ ಬನಿಯನ್ ಕಂಪೆನಿಗಳಿಗೆ ಬಸ್ಸು ಹತ್ತುತ್ತಿದ್ದಾರೆ. ಅವರಲ್ಲಿ ವರ್ಷಕ್ಕೊಬ್ಬಳಾದರೂ ದಾದಿಯ ಓದಿಗೆ ಹೋಗಿ ಇದೇ ಬೆಟ್ಟಕ್ಕೆ ಹಿಂದಿರುಗುವಂತೆ ತೋಟ, ಸಂಘ, ಸಭೆ ಮೂರೂ ಸೇರಿ ಕೈಕೊಡಬಾರದೇ?

ಅವಳು ನಮ್ಮವಳಾದರೆ ಭಾಷೆಯ ತೊಡಕೂ ಹೋಗುತ್ತದೆ. ಮಗುವಿನ ಆರೋಗ್ಯ ಕಾರ್ಡು ಇಲ್ಲಿ ತಮಿಳಿನಲ್ಲಿ, ಅಲ್ಲಿ ಮಲಯಾಳದಲ್ಲಿ. ಮನೆಯಲ್ಲಿ ಮಾತು ಕನ್ನಡ. ಹೊಟ್ಟೆ ತೊಳಸುತ್ತದೆ, ಮೈ ಜುಂ ಎನ್ನುತ್ತದೆ, ಎದೆ ಗೊರಗೊರ ಎನ್ನುತ್ತದೆ ಎಂದು ಆರು ವರ್ಷದ ಮಗು ಬೇರೆ ಭಾಷೆಯಲ್ಲಿ ಹೇಳುವುದು ಹೇಗೆ? ಹೇಳಲಾಗದ ನೋವಿಗೆ ಮದ್ದು ಇಲ್ಲ.

ನಾವು ಮಾಡಬೇಕಾದದ್ದು

ಕೇಳುವುದಕ್ಕೆ ನಮಗೊಂದು ಜಾಗ ಇದೆ. 2009ರ ಶಿಕ್ಷಣ ಹಕ್ಕು ಕಾಯಿದೆಯಂತೆ ಸರಕಾರಿ ಶಾಲೆಯ ಆಡಳಿತ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಭಾಗ ತಂದೆತಾಯಂದಿರೇ ಇರಬೇಕು, ಅರ್ಧ ಭಾಗ ಹೆಂಗಸರಿರಬೇಕು. ಆ ಸಮಿತಿಯ ಪುಸ್ತಕಕ್ಕೆ ರುಜು ಹಾಕಿ ಬರುವುದಷ್ಟೇ ನಮ್ಮ ಕೆಲಸವಾಗಬಾರದು. ಮುಂದಿನ ಸಭೆಯಲ್ಲಿ ಈ ಐದು ಮಾತುಗಳನ್ನು ಕೇಳಿ, ಠರಾವು ಬರೆಸಿ.

ಒಂದು: ಆರೋಗ್ಯ ಉಪಕೇಂದ್ರದ ದಾದಿಯಾಗಲಿ, ತೋಟದ ಡಿಸ್ಪೆನ್ಸರಿಯ ದಾದಿಯಾಗಲಿ, ವಾರಕ್ಕೊಂದು ಗೊತ್ತಾದ ದಿನ ಶಾಲೆಗೆ ಬರಲಿ. ಆ ದಿನ ಯಾವುದೆಂದು ಗೋಡೆಯ ಮೇಲೆ ಬರೆಯಲಿ.

ಎರಡು: ಮಾತ್ರೆಗಳೆಲ್ಲ ಬೀಗದ ಪೆಟ್ಟಿಗೆಯಲ್ಲಿರಲಿ. ಬಂದದ್ದೆಷ್ಟು, ಕೊಟ್ಟದ್ದೆಷ್ಟು, ಉಳಿದದ್ದೆಷ್ಟು ಎಂದು ಲೆಕ್ಕ ಇರಲಿ. ಯಾವ ಮಗುವಿನ ಕೈಗೂ ಪಟ್ಟಿ ಹೋಗದಿರಲಿ.

ಮೂರು: ಹಾವು ಕಚ್ಚಿದರೆ, ಬಿದ್ದರೆ, ಫಿಟ್ಸ್ ಬಂದರೆ ಏನು ಮಾಡಬೇಕೆಂದು ನಮ್ಮ ಭಾಷೆಯಲ್ಲೂ ಬರೆದು ಹಚ್ಚಲಿ. ಹಾವು ಕಚ್ಚಿದ ಕಡೆ ಕೊಯ್ಯಬಾರದು, ಚೀಪಬಾರದು, ಬಿಗಿಯಾಗಿ ಹಗ್ಗ ಕಟ್ಟಬಾರದು, ಮಗುವನ್ನು ನಡೆಸಬಾರದು. ಕಾಲು ಅಲ್ಲಾಡದಂತೆ ಕೋಲು ಕೊಟ್ಟು ಸಡಿಲವಾಗಿ ಕಟ್ಟಿ, ವಿಷಕ್ಕೆ ಮದ್ದು ಇರುವ ಆಸ್ಪತ್ರೆಗೆ ನೇರವಾಗಿ ಒಯ್ಯಬೇಕು. ತಂದೆತಾಯಿಗೆ ಹೇಳಿಕಳುಹಿಸಿ, ಆದರೆ ಅವರಿಗಾಗಿ ಕಾಯಬೇಡಿ. 108ರ ವಾಹನ ಬರಲು ತಡವಾದರೆ ತೋಟದ ಜೀಪು ಕೊಡಬೇಕೆಂದು ಮೇನೇಜರಿಂದ ಮೊದಲೇ ಒಪ್ಪಿಗೆ ಬರೆಸಿಕೊಳ್ಳಿ.

ನಾಲ್ಕು: ಮಗುವನ್ನು ದೊಡ್ಡ ಆಸ್ಪತ್ರೆಗೆ ಒಯ್ಯಿರಿ ಎಂದು ಚೀಟಿ ಬಂದರೆ, ಆ ದಿನದ ಹಾಜರಿ ತಾಯಿಗೋ ತಂದೆಗೋ ಸಿಗಬೇಕು. ಇದನ್ನು ಸಂಘದವರು ಮುಂದಿನ ಕೂಲಿ ಒಪ್ಪಂದದಲ್ಲಿ ಸೇರಿಸಲಿ. ಇದಕ್ಕಿಂತ ದೊಡ್ಡ ಔಷಧಿ ಇಲ್ಲ.

ಐದು: ವರ್ಷಕ್ಕೆರಡು ಸಲ ಎತ್ತರ, ತೂಕ, ಕಣ್ಣು ನೋಡಿ ಬರೆದಿಡುವ ಪುಸ್ತಕ ಇರಲಿ. ಮಗುವಿನ ಪುಟವನ್ನು ಆ ಮಗುವಿನ ತಾಯಿಗೆ ಓದಿ ಹೇಳಲಿ, ಬೇರೆಯವರಿಗೆ ತೋರಿಸದಿರಲಿ.

ಕೇಳುವವರು ಕೊಡಬೇಕಾದದ್ದೂ ಇದೆ. ಮಗುವಿಗೆ ಬೆಳಿಗ್ಗೆ ಏನಾದರೂ ತಿನ್ನಿಸಿ ಕಳುಹಿಸಿ. ಕಾಲಿಗೆ ಚಪ್ಪಲಿ ಕೊಡಿಸಿ. ಚುಚ್ಚುಮದ್ದಿನ ಕಾರ್ಡನ್ನು ಪಡಿತರ ಚೀಟಿಯಷ್ಟೇ ಜೋಪಾನವಾಗಿಡಿ. ಸೀತಾಳೆ ಸಿಡುಬು ಎದ್ದಾಗ, ಭೇದಿ ಆಗುವಾಗ ಪರೀಕ್ಷೆ ಇದೆ ಎಂದು ಶಾಲೆಗೆ ನೂಕಬೇಡಿ. ಮಗುವಿಗೆ ಉಬ್ಬಸ ಇದ್ದರೆ, ಫಿಟ್ಸ್ ಇದ್ದರೆ, ಯಾವುದಾದರೂ ಮದ್ದು ಒಗ್ಗದಿದ್ದರೆ ಮುಚ್ಚಿಡದೆ ಶಾಲೆಗೆ ಹೇಳಿ. ಹೆಣ್ಣುಮಗುವಿನ ವಿಷಯದಲ್ಲಿ, ಮುಂದೆ ಮದುವೆಗೆ ತೊಡಕು ಎಂದು ಮುಚ್ಚಿಡುವುದು ನಮ್ಮಲ್ಲಿ ಇನ್ನೂ ಇದೆ. ಮಗು ಉಳಿದರೆ ತಾನೇ ಮದುವೆ?

ತೋಟದಲ್ಲಿ ಒಂದು ಚಹಾ ಗಿಡಕ್ಕೆ ಕೆಂಪು ಹುಳು ಹತ್ತಿದರೆ ಅದೇ ವಾರ ಯಾರೋ ಬಂದು ನೋಡುತ್ತಾರೆ. ಎಲೆ ತಿರುಗಿಸಿ ನೋಡುತ್ತಾರೆ, ಪುಸ್ತಕದಲ್ಲಿ ಬರೆಯುತ್ತಾರೆ, ಮದ್ದು ತರಿಸುತ್ತಾರೆ. ಗಿಡಕ್ಕೆ ಸಿಗುವ ಆ ವಾರದ ಕಣ್ಣು ನಮ್ಮ ಮಕ್ಕಳಿಗೂ ಸಿಗಲಿ ಎಂದು ಕೇಳುವುದು ಅತಿಯಾಸೆಯಲ್ಲ. ಜೂನ್ ತಿಂಗಳಲ್ಲಿ ಶಾಲೆ ತೆರೆಯುವ ಮೊದಲು ಪ್ರತಿ ಲೈನಿನಿಂದ ಒಬ್ಬ ತಾಯಿ ಈ ಐದು ಮಾತುಗಳನ್ನು ಬರೆದ ಕಾಗದ ಹಿಡಿದು ಹೆಡ್‌ಮಾಸ್ಟರ ಮುಂದೆ ನಿಲ್ಲಲಿ.